ಕಾರ್ಪೆಟ್ ಕೊಳ್ಳುವವರು ಒಮ್ಮೆ ತಿರುಗಿಸಿ ನೋಡಿ

ಕಾರ್ಪೆಟ್ ಅಂಗಡಿಗೆ ಹೋದವರೆಲ್ಲ ಮೊದಲು ಮಾಡುವ ಕೆಲಸ ಒಂದೇ, ಅಂಗೈ ಇಟ್ಟು ಸವರುವುದು. ಮೆತ್ತಗಿದ್ದರೆ ಮುಖ ಅರಳುತ್ತದೆ, ಒರಟಾಗಿದ್ದರೆ ಬೇರೆ ತೋರಿಸಿ ಎನ್ನುತ್ತಾರೆ. ಮಾರುವವರಿಗೂ ಇದು ಚೆನ್ನಾಗಿ ಗೊತ್ತು. ಅದಕ್ಕೇ ಹೊಳೆಯುವ, ಉದ್ದ ಎಳೆಯ, ಕೈ ಇಟ್ಟರೆ ಹುದುಗಿಹೋಗುವ ಮಾಲನ್ನೇ ಎದುರಿಗೆ ಹಾಸಿರುತ್ತಾರೆ. ನನ್ನನ್ನು ಕೇಳಿದರೆ ಈ ಮೆತ್ತನೆಗೆ ಎಲ್ಲಕ್ಕಿಂತ ಕಡಿಮೆ ಅಂಕ ಕೊಡಬೇಕು. ಹೊಸದರಲ್ಲಿ ಬಹುತೇಕ ಎಲ್ಲವೂ ಮೆತ್ತಗೇ ಇರುತ್ತವೆ ಅಲ್ವಾ? ವರ್ಷಗಟ್ಟಲೆ ಜನ ಓಡಾಡಿದ ಮೇಲೆ ಅದು ಹೇಗಿರುತ್ತದೆ ಎನ್ನುವುದು ಮೇಲೆ ಸವರಿದರೆ ತಿಳಿಯುವುದಿಲ್ಲ, ಬುಡ ಮತ್ತು ಹಿಂಬದಿ ನೋಡಿದರೆ ತಿಳಿಯುತ್ತದೆ. ನಾನು ಇಲ್ಲಿ ಯಾವ ಕಂಪನಿಯ ಹೆಸರನ್ನೂ ಎತ್ತುತ್ತಿಲ್ಲ. ಒಂದೇ ಕಂಪನಿ ಒಳ್ಳೆಯದನ್ನೂ ಮಾಡುತ್ತದೆ, ಕಳಪೆಯನ್ನೂ ಮಾಡುತ್ತದೆ. ಅಂಕ ಕೊಡುವುದಾದರೆ ನೂಲಿಗೆ ಮತ್ತು ನೇಯ್ಗೆಗೆ ಕೊಡಬೇಕು, ಅದನ್ನೇ ಮಾಡುತ್ತೇನೆ.

ಮೊದಲು ಬುಡ. ಕಾರ್ಪೆಟ್ಟಿನ ಒಂದು ಮೂಲೆ ಹಿಡಿದು, ಎಳೆಗಳು ಹೊರಗೆ ಬರುವ ಹಾಗೆ ಹಿಂದಕ್ಕೆ ಬಗ್ಗಿಸಿ. ಎಳೆಗಳು ಬಿರಿದು ನಡುವೆ ತಳದ ಬಟ್ಟೆ ಢಾಳಾಗಿ ಕಂಡರೆ ಆ ಮಾಲು ತೆಳುವಾದದ್ದು, ಎಳೆ ಎಷ್ಟು ಉದ್ದ ಇದ್ದರೂ ಅಷ್ಟೇ. ಬಗ್ಗಿಸಿದರೂ ತಳ ಕಾಣದಿದ್ದರೆ ಎಳೆಗಳು ಒತ್ತಾಗಿವೆ ಎಂದರ್ಥ. ಒತ್ತಾಗಿ ನಿಂತ ಎಳೆಗಳು ಒಂದಕ್ಕೊಂದು ಆಸರೆ ಕೊಡುತ್ತವೆ, ಕಾಲಿಟ್ಟಾಗ ಬಾಗಿದರೂ ಎದ್ದು ನಿಲ್ಲುತ್ತವೆ. ದೂರ ದೂರ ನಿಂತ ಉದ್ದ ಎಳೆಗಳಿಗೆ ಆಸರೆಯೇ ಇಲ್ಲ, ಗಾಳಿಮಳೆಗೆ ಸಿಕ್ಕ ಪೈರಿನ ಹಾಗೆ ಒಂದೇ ಕಡೆಗೆ ಮಲಗಿಬಿಡುತ್ತವೆ. ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಕಾರ್ಪೆಟ್ಟನ್ನು ಹಾಳು ಮಾಡುವುದು ಬರೀ ಕಾಲಲ್ಲ, ಕಾಲಿನ ಜೊತೆ ಬರುವ ಮರಳಿನ ಸಣ್ಣ ಕಣ. ಅದು ಬುಡಕ್ಕೆ ಇಳಿದು ಕೂತರೆ ಪ್ರತಿ ಹೆಜ್ಜೆಗೂ ಎಳೆಯನ್ನು ಉಜ್ಜಿ ಸವೆಸುತ್ತದೆ. ಎಳೆ ಒತ್ತಾಗಿದ್ದರೆ ಈ ಕಣ ಮೇಲೇ ನಿಲ್ಲುತ್ತದೆ, ವ್ಯಾಕ್ಯೂಮ್ ಹಾಕಿದಾಗ ಬಂದುಬಿಡುತ್ತದೆ.

ಚೀಟಿಯ ಮೇಲೆ ಜಿಎಸ್‌ಎಂ ಎಂದು ಒಂದು ಸಂಖ್ಯೆ ಇರುತ್ತದೆ, ಚದರ ಮೀಟರಿಗೆ ಎಷ್ಟು ಗ್ರಾಂ ಎಂದು. ಸಂಖ್ಯೆ ದೊಡ್ಡದಿದ್ದರೆ ಒಳ್ಳೆಯದು ಎಂದು ಅಂಗಡಿಯವರು ಹೇಳುತ್ತಾರೆ. ಅರ್ಧ ನಿಜ. ಅದು ಒಟ್ಟು ತೂಕವೋ ಅಥವಾ ಮೇಲಿನ ಎಳೆಯ ತೂಕವೋ ಎಂದು ಕೇಳಿ. ಅನೇಕ ಕಾರ್ಪೆಟ್‌ಗಳ ಹಿಂಬದಿಗೆ ಬಳಿಯುವ ಅಂಟಿನಲ್ಲಿ ಸುಣ್ಣಕಲ್ಲಿನ ಪುಡಿ ಬೆರೆಸಿರುತ್ತಾರೆ, ಅದು ಭಾರ. ಆದ್ದರಿಂದ ಕೈಗೆ ಭಾರ ಅನಿಸುವ ಕಾರ್ಪೆಟ್ಟಿನ ಅರ್ಧ ತೂಕ ನೀವು ಎಂದೂ ತುಳಿಯದ ಜಾಗದಲ್ಲಿರಬಹುದು. ಎಳೆಯದೇ ತೂಕ ಗೊತ್ತಾದರೂ ಅದರ ಜೊತೆ ಎತ್ತರ ನೋಡಬೇಕು. ಚದರ ಮೀಟರಿಗೆ 1500 ಗ್ರಾಂ ಎಳೆ ಇರುವ ಎರಡು ಕಾರ್ಪೆಟ್ ಇವೆ ಎಂದುಕೊಳ್ಳಿ. ಒಂದರ ಎಳೆ 10 ಮಿಲಿಮೀಟರ್, ಇನ್ನೊಂದರದು 20 ಮಿಲಿಮೀಟರ್. ಮೊದಲನೆಯದು ಎರಡರಷ್ಟು ಒತ್ತು. ಸವರಿದರೆ ಎರಡನೆಯದೇ ಗೆಲ್ಲುತ್ತದೆ, ಬಾಳಿಕೆಯಲ್ಲಿ ಮೊದಲನೆಯದು.

ಈಗ ನೂಲು. ನನ್ನ ಮೊದಲ ಮತ ಉಣ್ಣೆಗೆ, ಐದಕ್ಕೆ ನಾಲ್ಕೂವರೆ. ಉಣ್ಣೆಯ ಎಳೆ ಹುಟ್ಟಿನಿಂದಲೇ ಅಂಕುಡೊಂಕು, ಹಾಗಾಗಿ ತುಳಿದರೂ ಮತ್ತೆ ತಲೆ ಎತ್ತುತ್ತದೆ. ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ, ಗಾಳಿ ಒಣಗಿದಾಗ ಆ ತೇವವನ್ನು ವಾಪಸು ಬಿಡುತ್ತದೆ. ಕಿಡಿ ಬಿದ್ದರೆ ಕರಗಿ ಅಂಟುವುದಿಲ್ಲ, ಅಷ್ಟು ಜಾಗ ಕರಕಲಾಗಿ ಸಾಮಾನ್ಯವಾಗಿ ತಾನೇ ಆರುತ್ತದೆ. ಹಳೆಯದಾದಾಗ ಉಣ್ಣೆ ಮಾಸುವ ರೀತಿಯೂ ನನಗೆ ಇಷ್ಟ, ಬಣ್ಣ ಸ್ವಲ್ಪ ಇಳಿದರೂ ಕೊಳಕಾಗಿ ಕಾಣುವುದಿಲ್ಲ. ಹಾಗಾದರೆ ಆ ಅರ್ಧ ಅಂಕ ಯಾಕೆ ಕಡಿತ? ಮೂರು ಕಾರಣ. ಹೊಸದರಲ್ಲಿ ಕೆಲವು ತಿಂಗಳು ಜುಂಗು ಉದುರುತ್ತಲೇ ಇರುತ್ತದೆ, ಕಪ್ಪು ಪ್ಯಾಂಟ್ ಹಾಕಿ ಕೂತರೆ ಎದ್ದಾಗ ಗೊತ್ತಾಗುತ್ತದೆ. ಇದು ಕಾರ್ಪೆಟ್ ಹಾಳಾಗಿದೆ ಎಂದಲ್ಲ, ಕತ್ತರಿಸುವಾಗ ಉಳಿದ ತುಂಡು ಎಳೆಗಳು ಹೊರಬರುತ್ತಿವೆ ಅಷ್ಟೇ. ಎರಡನೆಯದು ಹುಳು. ಬಟ್ಟೆ ತಿನ್ನುವ ಪತಂಗದ ಮರಿಹುಳಕ್ಕೆ ಉಣ್ಣೆಯೇ ಆಹಾರ, ಅದೂ ಕತ್ತಲೆಯಲ್ಲಿ, ಯಾರೂ ಮುಟ್ಟದ ಕಡೆ. ಸೋಫಾ ಕೆಳಗಿನ ಭಾಗವನ್ನು ಆಗಾಗ ಎತ್ತಿ ಗುಡಿಸದೇ ಇದ್ದರೆ ಒಂದು ದಿನ ಅಲ್ಲಿ ಬೋಳು ಕಾಣುತ್ತದೆ. ಮೂರನೆಯದು ತೊಳೆಯುವ ವಿಚಾರ. ಬ್ಲೀಚ್ ಉಣ್ಣೆಯನ್ನು ಕರಗಿಸಿಬಿಡುತ್ತದೆ, ಕ್ಷಾರ ಜಾಸ್ತಿ ಇರುವ ಸೋಪಿನ ಪುಡಿಯೂ ಕೆಡಿಸುತ್ತದೆ. ಉಣ್ಣೆಗೆಂದೇ ಮಾಡಿದ ಸೌಮ್ಯವಾದ ದ್ರಾವಣ ಬೇಕು.

ನೈಲಾನ್ ಅಂದರೆ ಕೆಲವರು ಮುಖ ಸಿಂಡರಿಸುತ್ತಾರೆ, ಸುಮ್ನೆ. 1935ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರಸಾಯನ ವಿಜ್ಞಾನಿ ವಾಲೆಸ್ ಕ್ಯಾರೋಥರ್ಸ್ ಅವರ ತಂಡ ಮಾಡಿದ ಈ ನೂಲು ಕೃತಕ ನೂಲುಗಳಲ್ಲಿ ಕಾರ್ಪೆಟ್ಟಿಗೆ ಎಲ್ಲಕ್ಕಿಂತ ಗಟ್ಟಿ. ತುಳಿತ ತಡೆಯುತ್ತದೆ, ಸವೆತ ತಡೆಯುತ್ತದೆ, ಮಲಗಿದ ಎಳೆ ಎದ್ದು ನಿಲ್ಲುವುದರಲ್ಲಿ ಉಳಿದ ಕೃತಕ ನೂಲುಗಳನ್ನು ಮೀರಿಸುತ್ತದೆ. ತೊಂದರೆ ಇರುವುದು ಕಲೆಯಲ್ಲಿ. ನೈಲಾನಿಗೆ ಬಣ್ಣ ಸುಲಭವಾಗಿ ಹಿಡಿಯುತ್ತದೆ, ಕಾರ್ಖಾನೆಯ ಬಣ್ಣವೂ ಹಿಡಿಯುತ್ತದೆ, ಕೈಜಾರಿ ಬಿದ್ದ ಕೆಂಪು ಶರಬತ್ತಿನ ಬಣ್ಣವೂ ಹಿಡಿಯುತ್ತದೆ. ಹಾಗಾಗಿ ಕಲೆ ತಡೆಯುವ ಲೇಪ ಇದೆಯೇ ಎಂದು ಕೇಳಲೇಬೇಕು. ಇನ್ನೂ ಒಳ್ಳೆಯದು ಎಂದರೆ ಸೊಲ್ಯೂಷನ್ ಡೈಡ್ ನೈಲಾನ್. ಅದರಲ್ಲಿ ನೂಲು ತೆಗೆಯುವ ಮೊದಲೇ, ಕರಗಿದ ಪ್ಲಾಸ್ಟಿಕ್ಕಿಗೇ ಬಣ್ಣ ಸೇರಿಸಿರುತ್ತಾರೆ. ಬಣ್ಣ ಎಳೆಯ ಒಳಗೆಲ್ಲ ಇರುವುದರಿಂದ ಬಿಸಿಲಿಗೂ ಬೇಗ ಬಗ್ಗುವುದಿಲ್ಲ, ಹೊರಗಿನ ಬಣ್ಣವೂ ಅಷ್ಟು ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಮೆಟ್ಟಿಲಿಗೆ, ಕೋಣೆಗಳ ನಡುವಿನ ಓಣಿಗೆ, ಮಕ್ಕಳು ದಿನವಿಡೀ ಓಡುವ ಹಾಲಿಗೆ ನಾನು ಇದನ್ನೇ ಹೇಳುತ್ತೇನೆ. ನಾಲ್ಕು ಅಂಕ.

ಪಾಲಿಯೆಸ್ಟರ್‌ಗೆ ಮೂರು. ಬಣ್ಣ ಚೆಂದ, ಕೈಗೆ ಮೆತ್ತಗೆ, ನೀರಿನಂಥ ಕಲೆ ಬೇಗ ಹೋಗುತ್ತದೆ, ಬಳಸಿ ಎಸೆದ ಬಾಟಲಿಯಿಂದಲೂ ಇದನ್ನು ಮಾಡುತ್ತಾರೆ ಎನ್ನುವ ಸಮಾಧಾನ ಬೇರೆ. ಆದರೆ ಒಮ್ಮೆ ಮಲಗಿದ ಎಳೆ ಏಳುವುದಕ್ಕೆ ಸೋಮಾರಿತನ. ಮಲಗುವ ಕೋಣೆಗೆ ಸಾಕು, ಹಾಲಿಗೆ ಬೇಡ.

ಇನ್ನು ಪಾಲಿಪ್ರೊಪಿಲೀನ್, ಇದೂ ಒಂದು ಪ್ಲಾಸ್ಟಿಕ್ ನೂಲು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ, ಹಳೆಯ ಕಾಲದ ರತ್ನಗಂಬಳಿಯ ವಿನ್ಯಾಸ ಹೊತ್ತ ಕಾರ್ಪೆಟ್‌ಗಳಲ್ಲಿ ಬಹಳಷ್ಟು ಇದರದ್ದೇ. ಕೆಲವು ಚೀಟಿಗಳಲ್ಲಿ ಓಲೆಫಿನ್ ಎಂದೋ ಹೀಟ್‌ಸೆಟ್ ಎಂದೋ ಇರುತ್ತದೆ. ಇದನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ನೀರು ಹೀರುವುದೇ ಇಲ್ಲ, ಬಣ್ಣ ನೂಲಿನ ಒಳಗೇ ಇರುತ್ತದೆ, ಹುಳ ತಿನ್ನುವುದಿಲ್ಲ, ತೊಳೆದರೆ ಬೇಗ ಒಣಗುತ್ತದೆ. ಬಾಡಿಗೆ ಮನೆಯಲ್ಲಿರುವವರಿಗೆ, ಪುಟ್ಟ ಮಕ್ಕಳಿರುವವರಿಗೆ, ನಾಲ್ಕೈದು ವರ್ಷಕ್ಕೊಮ್ಮೆ ಬದಲಾಯಿಸುವ ಮನಸ್ಸಿರುವವರಿಗೆ ಇದು ಸರಿಯಾದ ಮಾಲು. ಆದರೆ ಗುಣದ ಹಿಂದೆ ಎರಡು ದೋಷ. ಒಂದು, ಎಣ್ಣೆ ಜಿಡ್ಡಿನ ಮೇಲೆ ಇದಕ್ಕೆ ವಿಪರೀತ ಪ್ರೀತಿ, ಬರಿಗಾಲಿನ ಜಿಡ್ಡು ದಿನದಿನವೂ ಸೇರಿ ಓಡಾಡುವ ಜಾಗ ಕಪ್ಪಗಾಗುತ್ತದೆ. ಇನ್ನೊಂದು, ಇದು ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ. ಅಷ್ಟು ಬಿಸಿ ಮನೆಯಲ್ಲಿ ಎಲ್ಲಿಂದ ಬರುತ್ತದೆ ಎನ್ನಬೇಡಿ, ಭಾರದ ಮೇಜನ್ನು ಜೋರಾಗಿ ಎಳೆದರೆ ಆ ತಿಕ್ಕಾಟಕ್ಕೇ ಎಳೆ ಕರಗಿ ಹೊಳೆಯುವ ಗೆರೆ ಬೀಳಬಹುದು. ಆ ಗೆರೆ ಮತ್ತೆ ಹೋಗುವುದಿಲ್ಲ. ಎತ್ತಿ ಇಡಿ, ಎಳೆಯಬೇಡಿ.

ಅಂಗಡಿಯವರು ನೂಲಿನ ಹೆಸರು ಹೇಳಲು ತಡವರಿಸಿದರೆ ಒಂದು ಉಪಾಯ. ಅಂಚಿನಿಂದ ಒಂದು ಸಣ್ಣ ಎಳೆ ಕೇಳಿ ಪಡೆದು ಮನೆಗೆ ಬಂದು ನೀರಿನ ಲೋಟದಲ್ಲಿ ಹಾಕಿ, ಒಂದು ತೊಟ್ಟು ಸೋಪಿನ ನೀರು ಸೇರಿಸಿ ಅದುಮಿ ಬಿಡಿ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಮತ್ತೆ ಮೇಲೆ ಬರುತ್ತದೆ. ಪಾಲಿಯೆಸ್ಟರ್, ನೈಲಾನ್, ಉಣ್ಣೆ ಮುಳುಗುತ್ತವೆ. ಮುಳುಗಿದ್ದು ಉಣ್ಣೆಯೇ ಎಂದು ನೋಡಬೇಕಾದರೆ ಇನ್ನೊಂದು ಒಣ ಎಳೆಯನ್ನು ಚಿಮಟದಲ್ಲಿ ಹಿಡಿದು, ನೀರಿನ ಬೋಗುಣಿಯ ಮೇಲೆ, ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ಕೃತಕ ನೂಲಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಮರದ ತಿರುಳಿನಂಥದ್ದರಿಂದ ತೆಗೆಯುವ ರೇಷ್ಮೆಯಂಥ ನೂಲು ವಿಸ್ಕೋಸ್, ಅದರ ಬಗ್ಗೆ ಮಾತ್ರ ನನಗೆ ಸಹನೆ ಇಲ್ಲ. ಆರ್ಟ್ ಸಿಲ್ಕ್, ಬಿದಿರಿನ ರೇಷ್ಮೆ, ಹೀಗೆ ಹಲವು ಅಂದದ ಹೆಸರಿನಲ್ಲಿ ಮಾರುತ್ತಾರೆ. ಹೊಳಪು ನೋಡಿದರೆ ಯಾರಿಗಾದರೂ ಬೇಕು ಅನಿಸುತ್ತದೆ, ಅದು ನಿಜ. ಆದರೆ ಒದ್ದೆಯಾದರೆ ಈ ನೂಲಿನ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬರೀ ನೀರು ಬಿದ್ದರೂ ಅಲ್ಲಿ ಎಳೆ ಅಂಟಿಕೊಂಡು ಕಲೆ ನಿಲ್ಲುತ್ತದೆ, ಹಳದಿಯಾಗುತ್ತದೆ. ಕಲೆ ತೆಗೆಯಲು ಒದ್ದೆ ಬಟ್ಟೆ ಹಾಕಿದರೆ ಕಲೆಗಿಂತ ದೊಡ್ಡ ಗುರುತು. ನೆಲಕ್ಕೆ ಹಾಸುವ ವಸ್ತು ನೀರಿಗೆ ಹೆದರುತ್ತದೆ ಎಂದರೆ ಏನು ಹೇಳಬೇಕು! ಅಷ್ಟೊಂದು ಹಣ ಕೊಟ್ಟು ತಂದು ಮನೆಯವರಿಗೆಲ್ಲ ಅದರ ಮೇಲೆ ಕೂರಬೇಡಿ ಎನ್ನುವವರನ್ನು ನೋಡಿದ್ದೇನೆ. ಒಂದು ಅಂಕ, ಅದೂ ಚಂದಕ್ಕೆ.

ಸೆಣಬಿನದು ನೋಡಲು ಸರಳ, ಸುಂದರ, ಕಾಲಿಗೆ ಒರಟು. ತೇವ ತಗುಲಿದರೆ ಕಂದು ಕಲೆ ಬೀಳುತ್ತದೆ, ಕೆಳಗೆ ಸಣ್ಣ ಪುಡಿ ಉದುರಿಸುತ್ತದೆ. ಒಣ ಕೋಣೆಗೆ ಪರವಾಗಿಲ್ಲ. ಹತ್ತಿಯ ಜಮಖಾನವನ್ನು ಮಾತ್ರ ಜನ ಯಾಕೆ ಮರೆಯುತ್ತಿದ್ದಾರೋ ಗೊತ್ತಿಲ್ಲ. ಎಳೆ ನಿಂತಿರುವುದಿಲ್ಲ, ಚಪ್ಪಟೆ ನೇಯ್ಗೆ, ಹಾಗಾಗಿ ಮಲಗುವ ಪ್ರಶ್ನೆಯೇ ಇಲ್ಲ. ಎರಡೂ ಮುಖ ಬಳಸಬಹುದು, ಮಡಚಿ ಇಡಬಹುದು, ತೊಳೆದು ಹಗ್ಗಕ್ಕೆ ಹಾಕಬಹುದು. ಹಗುರವಾದ್ದರಿಂದ ಜಾರುತ್ತದೆ, ಮೊದಲ ತೊಳೆತಕ್ಕೆ ಸ್ವಲ್ಪ ಕುಗ್ಗಬಹುದು, ಇಷ್ಟೇ ದೂರು. ಧೂಳಿನ ಅಲರ್ಜಿ ಇರುವವರ ಮನೆಗೆ ನಾನು ಬೇರೆ ಏನನ್ನೂ ಹೇಳುವುದಿಲ್ಲ.

ಇನ್ನು ನೇಯ್ಗೆಗೆ ಬರೋಣ. ಇಲ್ಲೇ ಜನ ಮೋಸ ಹೋಗುವುದು. ಕೈಯಿಂದ ಮಾಡಿದ್ದು ಎನ್ನುವ ಮಾತಿನಡಿಯಲ್ಲಿ ಎರಡು ಪೂರ್ತಿ ಬೇರೆ ವಸ್ತುಗಳನ್ನು ಮಾರುತ್ತಾರೆ. ಒಂದು, ಮಗ್ಗದ ಮೇಲೆ ಒಂದೊಂದೇ ಗಂಟು ಹಾಕಿ ಮಾಡಿದ್ದು. ಇನ್ನೊಂದು, ಬಿಗಿದ ಬಟ್ಟೆಗೆ ಕೈಬಂದೂಕಿನಂಥ ಯಂತ್ರದಿಂದ ನೂಲನ್ನು ಚುಚ್ಚುತ್ತಾ ಹೋಗಿ, ಅದು ಬಿದ್ದುಹೋಗದಂತೆ ಹಿಂದಿನಿಂದ ಅಂಟು ಬಳಿದು, ಅಂಟು ಕಾಣದಂತೆ ಮೇಲೊಂದು ಬಟ್ಟೆ ಹಚ್ಚಿದ್ದು. ಇದನ್ನು ಹ್ಯಾಂಡ್ ಟಫ್ಟೆಡ್ ಎನ್ನುತ್ತಾರೆ. ಎದುರಿನಿಂದ ನೋಡಿದರೆ ಎರಡೂ ಒಂದೇ. ತಿರುಗಿಸಿದರೆ ಗುಟ್ಟು ಬಯಲು. ಗಂಟಿನದ್ದರಲ್ಲಿ ಮುಂದಿರುವ ಚಿತ್ರ ಹಿಂದೆಯೂ ಸ್ಪಷ್ಟವಾಗಿ ಕಾಣುತ್ತದೆ, ತುದಿಯ ಕುಚ್ಚು ಎಂದರೆ ಕಾರ್ಪೆಟ್ಟಿನ ಒಳಗಿಂದಲೇ ಬಂದ ಹಾಸುನೂಲು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು. ಟಫ್ಟೆಡ್‌ನಲ್ಲಿ ಹಿಂದೆ ಬಟ್ಟೆ, ಕುಚ್ಚು ಇದ್ದರೆ ಅದು ಹೊಲಿದು ಸೇರಿಸಿದ್ದು. ಟಫ್ಟೆಡ್ ಕೆಟ್ಟದ್ದೇ ಎಂದು ನಾನು ಹೇಳುತ್ತಿಲ್ಲ. ಅದರ ಆಯಸ್ಸು ಉಣ್ಣೆಯ ಆಯಸ್ಸಲ್ಲ, ಅಂಟಿನ ಆಯಸ್ಸು ಎಂದು ತಿಳಿದು ಕೊಳ್ಳಿ. ವರ್ಷಗಳು ಕಳೆದಂತೆ ಅಂಟು ಒಣಗಿ ಪುಡಿಯಾಗುತ್ತದೆ, ಎತ್ತಿದರೆ ಕೆಳಗೆ ಬಿಳಿ ಹುಡಿ ಕಾಣುತ್ತದೆ, ಕೆಲವಕ್ಕೆ ರಬ್ಬರಿನ ವಾಸನೆ ಬಿಡುವುದೇ ಇಲ್ಲ. ಗಂಟಿನ ಕಾರ್ಪೆಟ್ಟಿನ ಬೆಲೆಗೆ ಅದನ್ನು ಕೊಳ್ಳಬೇಡಿ ಅಷ್ಟೇ.

ಗಂಟಿನ ಕೆಲಸ ಎಂದರೆ ಎಷ್ಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. 6 ಅಡಿ ಅಗಲ, 9 ಅಡಿ ಉದ್ದ, ಚದರ ಇಂಚಿಗೆ 100 ಗಂಟು. ಒಟ್ಟು 7,77,600 ಗಂಟು, ಅಷ್ಟನ್ನೂ ಯಾರದೋ ಬೆರಳು ಹಾಕಿದೆ. ಇಂಥದ್ದು ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕರೆ ಖುಷಿ ಪಡುವ ಮುಂಚೆ ಆ ಬೆರಳು ಯಾರದು ಎಂದು ಯೋಚಿಸಬೇಕಾಗುತ್ತದೆ. ಬಾಲಕಾರ್ಮಿಕರನ್ನು ಬಳಸಿಲ್ಲ ಎಂದು ತಪಾಸಣೆ ಮಾಡಿ ಗುರುತು ಕೊಡುವ ಗುಡ್‌ವೀವ್ ಎಂಬ ಸಂಸ್ಥೆ ಇದೆ. ಮಕ್ಕಳ ಹಕ್ಕಿನ ಹೋರಾಟಗಾರ ಕೈಲಾಶ್ ಸತ್ಯಾರ್ಥಿ 1994ರಲ್ಲಿ ರಗ್‌ಮಾರ್ಕ್ ಎಂದು ಶುರು ಮಾಡಿದ್ದೇ ಈಗಿನ ಗುಡ್‌ವೀವ್. ಹಿಂಬದಿಯಲ್ಲಿ ಆ ಚೀಟಿ ಇದ್ದರೆ ನಾನು ಅದಕ್ಕೆ ಬೇರೆಯೇ ಒಂದು ಅಂಕ ಕೊಡುತ್ತೇನೆ.

ಗಂಟು ಜಾಸ್ತಿ ಇದ್ದಷ್ಟೂ ಒಳ್ಳೆಯದು ಎನ್ನುವುದನ್ನೂ ಪೂರ್ತಿ ನಂಬಬೇಡಿ. ಹೂಬಳ್ಳಿಯಂಥ ನವುರಾದ ಚಿತ್ರಕ್ಕೆ ಗಂಟು ಜಾಸ್ತಿ ಬೇಕು. ದಪ್ಪ ನೂಲಿನ, ದೊಡ್ಡ ದೊಡ್ಡ ಚೌಕ ತ್ರಿಕೋನದ ಚಿತ್ರಕ್ಕೆ ಬೇಕಾಗಿಲ್ಲ, ಅಂಥವೂ ತಲೆಮಾರುಗಟ್ಟಲೆ ಬಾಳಿವೆ. ಒಂದು ಕುತೂಹಲದ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಪೂರ್ತಿಯಾಗಿ ಉಳಿದಿರುವ ಗಂಟಿನ ಕಾರ್ಪೆಟ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದು ಪಜಿರಿಕ್ ಕಾರ್ಪೆಟ್. ಸೈಬೀರಿಯಾದ ಅಲ್ಟಾಯ್ ಬೆಟ್ಟಗಳ ಒಂದು ಗೋರಿಯಲ್ಲಿ ಪುರಾತತ್ವಜ್ಞ ಸೆರ್ಗೈ ರುಡೆಂಕೊ 1949ರಲ್ಲಿ ಇದನ್ನು ಹೊರತೆಗೆದರು. ಎರಡು ಸಾವಿರದ ಮುನ್ನೂರು ವರ್ಷಕ್ಕಿಂತ ಹಳೆಯದು, ಉಣ್ಣೆಯದು, ಚದರ ಮೀಟರಿಗೆ ಸುಮಾರು 3,60,000 ಗಂಟು. ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಂನಲ್ಲಿದೆ. ಉಣ್ಣೆ ಎಷ್ಟು ಬಾಳುತ್ತದೆ ಎನ್ನಲು ಮಾರುವವರು ಇದನ್ನು ತೋರಿಸಿದರೆ ನಗಬಹುದು, ಯಾಕೆಂದರೆ ಅದು ಅಷ್ಟು ಕಾಲವೂ ಮಂಜುಗಡ್ಡೆಯೊಳಗಿತ್ತು, ಅದರ ಮೇಲೆ ಯಾರೂ ಓಡಾಡಲಿಲ್ಲ.

ಬಹಳಷ್ಟು ಮನೆಗಳಿಗೆ ಸಾಕಾಗುವುದು ಯಂತ್ರದ ಮಗ್ಗದಲ್ಲಿ ನೇಯ್ದ ಕಾರ್ಪೆಟ್. ಇದರ ಹಿಂಬದಿಯಲ್ಲೂ ಚಿತ್ರ ಕಾಣುತ್ತದೆ, ಆದರೆ ಸಾಲುಗಳು ಗೆರೆ ಹಾಕಿದಷ್ಟು ನೇರ, ಅಂಚಿಗೆ ಯಂತ್ರದ ಹೊಲಿಗೆ. ಒತ್ತಾಗಿ ನೇಯ್ದಿದ್ದರೆ ನಿಶ್ಚಿಂತೆಯಿಂದ ಕೊಳ್ಳಿ. ಕುಣಿಕೆಯ ಹಾಗೆ ಬಿಟ್ಟ ಎಳೆಯ ಲೂಪ್ ಕಾರ್ಪೆಟ್ ಗಟ್ಟಿ, ಹೆಜ್ಜೆ ಗುರುತು ಕಾಣುವುದಿಲ್ಲ. ಆದರೆ ಮನೆಯಲ್ಲಿ ಬೆಕ್ಕಿದ್ದರೆ ಬೇಡ, ಉಗುರಿಗೆ ಒಂದು ಕುಣಿಕೆ ಸಿಕ್ಕಿದರೆ ಸಾಲು ಪೂರ್ತಿ ಬಿಚ್ಚಿಕೊಂಡು ಬರಬಹುದು. ಹಾಗೆ ಎದ್ದ ಎಳೆಯನ್ನು ಎಂದೂ ಎಳೆಯಬೇಡಿ, ಕತ್ತರಿಯಿಂದ ಸಮ ಮಾಡಿ. ಉದ್ದ ಎಳೆಯ ಶಾಗ್ ಫೋಟೋದಲ್ಲಿ ಚೆಂದ, ಗುಡಿಸುವವರಿಗೆ ಶಿಕ್ಷೆ. ರೋಬೋ ವ್ಯಾಕ್ಯೂಮ್ ಇರುವವರು ಶಾಗನ್ನೂ ಕುಚ್ಚಿರುವುದನ್ನೂ ತರಲೇಬೇಡಿ.

ಅಳತೆಯಲ್ಲಿ ಎಲ್ಲರೂ ಕಂಜೂಸುತನ ಮಾಡುತ್ತಾರೆ. ದೊಡ್ಡ ಕೋಣೆಯ ನಡುವೆ ಪುಟ್ಟ ಕಾರ್ಪೆಟ್ ಒಂಟಿಯಾಗಿ ಬಿದ್ದಿರುತ್ತದೆ, ಸುತ್ತ ಇರುವ ಕುರ್ಚಿ ಸೋಫಾಗಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಕಡೇಪಕ್ಷ ಸೋಫಾದ ಮುಂದಿನ ಎರಡು ಕಾಲಾದರೂ ಕಾರ್ಪೆಟ್ಟಿನ ಮೇಲೆ ಬರಬೇಕು. ಊಟದ ಮೇಜಿನ ಕೆಳಗಾದರೆ ಮೇಜಿನ ಎಲ್ಲ ಬದಿಗೂ ಎರಡಡಿ ಹೆಚ್ಚು ಬೇಕು, ಇಲ್ಲವಾದರೆ ಕುರ್ಚಿ ಹಿಂದಕ್ಕೆ ಸರಿಸಿದಾಗಲೆಲ್ಲ ಹಿಂಗಾಲು ಅಂಚಿನಿಂದ ಕೆಳಗಿಳಿದು ಮತ್ತೆ ಒಳಗೆ ಬರುವಾಗ ಸಿಕ್ಕಿಕೊಳ್ಳುತ್ತದೆ. ಮಂಚಕ್ಕೂ ಹಾಗೇ, ಎದ್ದು ಇಡುವ ಮೊದಲ ಹೆಜ್ಜೆ ಅದರ ಮೇಲೆ ಬೀಳಬೇಕು ತಾನೇ? ಅಂಗಡಿಗೆ ಹೋಗುವ ಮೊದಲು ನೆಲದ ಮೇಲೆ ಕಾಗದದ ಟೇಪ್ ಅಂಟಿಸಿ 5 × 8 ಅಡಿ ಎಷ್ಟು, 6 × 9 ಎಷ್ಟು, 8 × 10 ಎಷ್ಟು ಎಂದು ಗುರುತು ಮಾಡಿ ಒಂದು ದಿನ ಅದರ ನಡುವೆ ಓಡಾಡಿ. ಬಾಗಿಲು ಒಳಗೆ ತೆರೆಯುವ ಕಡೆ ಬಾಗಿಲಿನ ಕೆಳಗೆ ಎಷ್ಟು ಸಂದು ಇದೆ ಎಂದೂ ಅಳೆಯಿರಿ, ಕಾರ್ಪೆಟ್ ಮತ್ತು ಅಡಿಯ ಪ್ಯಾಡ್ ಎರಡೂ ಸೇರಿ ಅದರೊಳಗೆ ಹಿಡಿಸಬೇಕು.

ಗೋಡೆಯಿಂದ ಗೋಡೆಗೆ ಹಾಕಿಸುವ ಕಾರ್ಪೆಟ್ಟಿನ ಬಗ್ಗೆ ನನ್ನದು ಅರೆಮನಸ್ಸು. ಸದ್ದು ತಗ್ಗುತ್ತದೆ, ಚಳಿಯಲ್ಲಿ ಕಾಲಿಗೆ ಹಿತ. ಆದರೆ ಎತ್ತಿ ಒಣಗಿಸುವ ಹಾಗಿಲ್ಲ. ಒಮ್ಮೆ ಚೆನ್ನಾಗಿ ನೆನೆದರೆ ಒಂದೆರಡು ದಿನದೊಳಗೆ ಪೂರ್ತಿ ಒಣಗಿಸಲೇಬೇಕು, ಇಲ್ಲದಿದ್ದರೆ ಬೂಷ್ಟು ಶುರುವಾಗುತ್ತದೆ. ನೆಲಮಹಡಿಯ ಸಿಮೆಂಟ್ ನೆಲವಾದರೆ ಹಾಕಿಸುವ ಮುಂಚೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಮರುದಿನ ತೆಗೆದು ನೋಡಿ. ಕೆಳಗೆ ನೀರಿನ ಹನಿ ಕೂತಿದ್ದರೆ ಅಥವಾ ಅಷ್ಟು ಜಾಗ ಕಪ್ಪಾಗಿದ್ದರೆ ಆ ನೆಲಕ್ಕೆ ಕಾರ್ಪೆಟ್ ಅಂಟಿಸುವ ಯೋಚನೆ ಬಿಡಿ. ಬಚ್ಚಲು, ಅಡುಗೆಮನೆಗೆ ಯಾವ ಕಾರ್ಪೆಟ್ಟೂ ಬೇಡ, ಚರ್ಚೆಯೇ ಇಲ್ಲ.

ಬಣ್ಣವನ್ನು ಅಂಗಡಿಯ ದೀಪದಲ್ಲಿ ನೋಡಿ ನಿರ್ಧರಿಸಬಾರದು. ತುಂಡು ಮಾದರಿ ಕೊಡುತ್ತಾರೆ, ಮನೆಗೆ ತಂದು ಹಗಲು ಒಮ್ಮೆ, ರಾತ್ರಿ ದೀಪ ಹಾಕಿದ ಮೇಲೆ ಒಮ್ಮೆ, ನೆಲದ ಮೇಲೇ ಇಟ್ಟು ನೋಡಿ. ಅದನ್ನೇ ಅರ್ಧ ಸುತ್ತು ತಿರುಗಿಸಿದರೆ ಬಣ್ಣ ಬೇರೆ ಕಾಣಬಹುದು, ಎಳೆ ಬಾಗಿದ ದಿಕ್ಕಿಗೆ ಬೆಳಕು ಬೇರೆ ರೀತಿ ಬೀಳುತ್ತದೆ. ಪೂರ್ತಿ ಕಪ್ಪು ಧೂಳು ಮರೆಸುತ್ತದೆ ಎಂದುಕೊಂಡಿದ್ದರೆ ಅದು ತಪ್ಪು, ಒಂದು ಬಿಳಿ ದಾರ ಬಿದ್ದರೂ ಎದ್ದು ಕಾಣುತ್ತದೆ. ಎರಡು ಮೂರು ಛಾಯೆ ಬೆರೆತದ್ದು, ಸಣ್ಣ ಚಿತ್ತಾರ ಇರುವುದು ಬಳಕೆಗೆ ಎಲ್ಲಕ್ಕಿಂತ ಹಿತ.

ಅಡಿಯ ಪ್ಯಾಡ್ ಬೇಕೇ ಎಂದು ಕೇಳುವವರಿದ್ದಾರೆ. ಬೇಕು. ಜಾರುವುದು ನಿಲ್ಲುತ್ತದೆ, ಹೆಜ್ಜೆಯ ಪೆಟ್ಟನ್ನು ಅದು ತಿಂದು ಕಾರ್ಪೆಟ್ಟಿನ ಆಯಸ್ಸು ಹೆಚ್ಚಿಸುತ್ತದೆ. ಆದರೆ ದಪ್ಪ ಇದ್ದಷ್ಟೂ ಒಳ್ಳೆಯದಲ್ಲ. ಮೆತ್ತನೆಯ ದಪ್ಪ ಪ್ಯಾಡ್ ಮೇಲೆ ಕಾರ್ಪೆಟ್ ಪ್ರತಿ ಹೆಜ್ಜೆಗೂ ಕುಸಿಯುತ್ತದೆ, ತಳ ಬೇಗ ಸಡಿಲಾಗುತ್ತದೆ. ಅರ್ಧ ಇಂಚಿಗಿಂತ ಕಡಿಮೆ ದಪ್ಪದ, ಗಟ್ಟಿಯಾದ ಪ್ಯಾಡ್ ಸಾಕು. ಕಾರ್ಪೆಟ್ಟಿಗಿಂತ ಪ್ರತಿ ಬದಿಗೂ ಒಂದು ಇಂಚು ಚಿಕ್ಕದಾಗಿ ಕತ್ತರಿಸಿ. ವಿನೈಲ್ ನೆಲವಾದರೆ ರಬ್ಬರಿನ ಪ್ಯಾಡ್ ಹಾಕಬೇಡಿ, ರಬ್ಬರಿನಲ್ಲಿರುವ ರಾಸಾಯನಿಕ ವಿನೈಲಿಗೆ ಇಳಿದು ಹಳದಿ ಕಲೆ ಮಾಡುತ್ತದೆ, ಅದು ಉಜ್ಜಿದರೂ ಹೋಗುವುದಿಲ್ಲ.

ಹೊಸ ಕಾರ್ಪೆಟ್ಟಿನ ವಾಸನೆ ಹೆಚ್ಚಾಗಿ ಹಿಂಬದಿಯ ಅಂಟಿನದ್ದು. ಕಿಟಕಿ ತೆರೆದು ಎರಡು ಮೂರು ದಿನ ಗಾಳಿಯಾಡಲು ಬಿಟ್ಟರೆ ಬಹುತೇಕ ಕಡಿಮೆಯಾಗುತ್ತದೆ. ಅಸ್ತಮಾ, ಧೂಳಿನ ಅಲರ್ಜಿ ಇರುವವರು ಮನೆಯಲ್ಲಿದ್ದರೆ ಯಾವ ಮಾರಾಟಗಾರರ ಮಾತಿಗೂ ಮರುಳಾಗಬೇಡಿ, ತೊಳೆದು ಒಣಗಿಸಬಹುದಾದ ಚಿಕ್ಕ ಹಾಸು ಮಾತ್ರ ಇಟ್ಟುಕೊಳ್ಳಿ. ಕಣ್ಣಿಗೆ ಕಾಣದ ಧೂಳಿನ ನುಸಿಗೆ ತೇವವಿರುವ ಕೋಣೆ ಮತ್ತು ಎಳೆಯ ಬುಡ ಎರಡೂ ಒಟ್ಟಿಗೆ ಸಿಕ್ಕರೆ ಅದು ಹೋಗುವುದೇ ಇಲ್ಲ.

ಕಲೆಯೇ ಆಗುವುದಿಲ್ಲ ಎಂದು ಮಾರುವವರು ಹೇಳಿದರೆ ಅದರರ್ಥ ಒರೆಸಲು ಸ್ವಲ್ಪ ಹೊತ್ತು ಸಿಗುತ್ತದೆ ಎಂದಷ್ಟೇ. ಚೆಲ್ಲಿದ ತಕ್ಷಣ ಬಿಳಿ ಬಟ್ಟೆ ಇಟ್ಟು ಅದುಮಿ, ಹೊರಗಿನಿಂದ ನಡುವಿಗೆ ಬನ್ನಿ. ಉಜ್ಜಿದರೆ ಕಲೆ ಅಗಲವಾಗುತ್ತದೆ, ಎಳೆಯ ತುದಿಯೂ ಬಿರಿದು ಕೆಡುತ್ತದೆ. ಕೃತಕ ನೂಲಿನಲ್ಲಿ ಹೋದ ಕಲೆ ಮರುದಿನ ಅದೇ ಜಾಗದಲ್ಲಿ ಮತ್ತೆ ಬಂದರೆ ಗಾಬರಿ ಬೇಡ, ತಳದಲ್ಲಿ ಉಳಿದದ್ದು ಒಣಗುವಾಗ ಎಳೆ ಹಿಡಿದು ಮೇಲೆ ಹತ್ತಿರುತ್ತದೆ. ಒದ್ದೆ ಬಟ್ಟೆಯಿಂದ ಇನ್ನೊಮ್ಮೆ ಅದುಮಿ, ಮೇಲೆ ಒಣ ಬಟ್ಟೆ ಹಾಕಿ ಭಾರದ ಪುಸ್ತಕ ಹೇರಿ ರಾತ್ರಿ ಬಿಡಿ. ಆರು ತಿಂಗಳಿಗೊಮ್ಮೆ ಕಾರ್ಪೆಟ್ಟನ್ನು ಅರ್ಧ ಸುತ್ತು ತಿರುಗಿಸಿ ಹಾಸಿದರೆ ಬಿಸಿಲೂ ತುಳಿತವೂ ಎಲ್ಲ ಕಡೆ ಸಮನಾಗಿ ಹಂಚಿಹೋಗುತ್ತವೆ.

ಕೊನೆಯದಾಗಿ ಮನೆಗೆ ತಂದಾಗಿನ ಮಾತು. ಸುರುಳಿ ಬಿಚ್ಚಿದ ಕೂಡಲೇ ಮಡಿಕೆ, ಗೆರೆ ಕಂಡು ಬೇಸರ ಮಾಡಿಕೊಳ್ಳಬೇಡಿ, ಮೂಲೆಗಳನ್ನು ಉಲ್ಟಾ ಸುತ್ತಿ ಬಿಟ್ಟು ಭಾರ ಇಟ್ಟರೆ ಕೆಲವು ದಿನದಲ್ಲಿ ನೆಲಕ್ಕೆ ಕೂರುತ್ತದೆ. ಎರಡು ಕೋಣೆಗೆ ಒಂದೇ ಬಗೆಯ ಕಾರ್ಪೆಟ್ ತರಿಸಿದ್ದರೆ ಎರಡರ ಬಣ್ಣದ ಬ್ಯಾಚ್ ಸಂಖ್ಯೆ ಒಂದೇ ಇದೆಯೇ ನೋಡಿ, ಬೇರೆ ಬೇರೆ ಬ್ಯಾಚಿನಲ್ಲಿ ಛಾಯೆ ಸ್ವಲ್ಪ ಆಚೀಚೆ ಆಗುತ್ತದೆ. ಕತ್ತರಿಸಿ ಹಾಕಿಸಿದ್ದಾದರೆ ಉಳಿದ ತುಂಡುಗಳನ್ನು ಕೆಲಸದವರು ತೆಗೆದುಕೊಂಡು ಹೋಗಲು ಬಿಡಬೇಡಿ. ಹೊಸ ಕಲೆ ತೆಗೆಯುವ ದ್ರಾವಣವನ್ನು ಮೊದಲು ಅದರ ಮೇಲೆ ಪರೀಕ್ಷೆ ಮಾಡಬಹುದು, ಮುಂದೆ ಎಲ್ಲಾದರೂ ಸುಟ್ಟರೆ ಅಥವಾ ಹರಿದರೆ ತೇಪೆ ಹಾಕುವುದಕ್ಕೂ ಅದೇ ಬೇಕಾಗುತ್ತದೆ.